ಒಲ್ಲದ ನಾಲಗೆ

ವಿನಿಫ್ರೆಡ್ ಈ ಸಲವೂ ಉಗುಳಿದಳು. ಪಿಯುಸ್ ಎಡಗೈಯ ಬೆರಳುಗಳಿಂದ ಹೆಂಡತಿಯ ಎರಡೂ ಕೆನ್ನೆಗಳನ್ನು ಒತ್ತಿ, ತುಟಿಗಳು ಬೇರೆಯಾದದ್ದೇ ತಡ, ‘ಕ್ರಿಸ್ತಾಚಿ ಕೂಡ್’ ಎಂದು ಕೊಂಕಣಿಯಲ್ಲಿ ಸ್ಪಷ್ಟವಾಗಿ ಉಚ್ಚರಿಸಿ, ಪರಮಪ್ರಸಾದದ ತೆಳ್ಳಗಿನ ಬಿಳಿ ರೊಟ್ಟಿಯನ್ನು ಅವಳ ನಾಲಗೆಯ ಮೇಲಿಟ್ಟಿದ್ದ. ಕ್ರಿಸ್ತನ ಶರೀರ ಎಂಬ ಆ ಮಾತಿಗೆ ಅವಳು ಆಮೆನ್ ಎನ್ನಬೇಕಿತ್ತು. ಅನ್ನಲಿಲ್ಲ. ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು. ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ ಅಪರಿಚಿತನನ್ನು ಹೆಂಗಸರು ನೋಡುತ್ತಾರಲ್ಲ, ಆ ನೋಟ. ಆಮೇಲೆ ನಾಲಗೆಯಿಂದ ಮೆಲ್ಲಗೆ ಹೊರಗೆ ತಳ್ಳಿದಳು. ಅರ್ಧ ಕರಗಿದ ರೊಟ್ಟಿ ಗದ್ದದ ಮೇಲೆ ಜಾರಿ ಕೊರಳಿಗೆ ಕಟ್ಟಿದ್ದ ಟವೆಲಿನ ಮೇಲೆ ಬಿತ್ತು. ಬಾಗಿಲಲ್ಲಿ ನಿಂತಿದ್ದ ಮೋಕ್ಷಾ, ಹಗಲು ವಿನಿಫ್ರೆಡ್‌ಳನ್ನು ನೋಡಿಕೊಳ್ಳಲು ಬೋಳಾರದಿಂದ ಬರುವ ಹೋಂ ನರ್ಸ್ ಹುಡುಗಿ, ಟಿಶ್ಯೂ ಹಿಡಿದು ಮುಂದೆ ಬಂದಳು. “ನಾನು ತೆಗೀಲಾ ಸರ್?” “ಮುಟ್ಬೇಡ!” ಎಂದು ಪಿಯುಸ್ ಕೂಗಿದ. ಅಷ್ಟು ಜೋರು ಬೇಕಿರಲಿಲ್ಲ. ಹುಡುಗಿ ಟಿಶ್ಯೂವನ್ನು ಮುದ್ದೆ ಮಾಡಿ ಹಿಂದೆ ಸರಿದಳು. ಅವಳಿಗೆ ಅದು ಆಂಟಿ ಉಗುಳಿದ ಇನ್ನೊಂದು ತುತ್ತು, ಬೆಳಿಗ್ಗೆ ಅವನು ಕುಡಿಸಲು ಹೋದ ರಾಗಿ ಗಂಜಿಯ ಹಾಗೆ. ತನಗೆ ಅದು ಏನು ಎಂದು ಪಿಯುಸ್ ಆ ಕ್ಷಣದಲ್ಲಿ ಕೇಳಿಕೊಳ್ಳಲಿಲ್ಲ, ಕೇಳಿಕೊಳ್ಳಲು ಹೆದರಿದ.

ರೋಗಿ ಉಗುಳಿದರೆ ಕೊಟ್ಟವನೇ ಅದನ್ನು ಸೇವಿಸಬೇಕು, ಇಲ್ಲವೇ ನೀರಿನಲ್ಲಿ ಪೂರ್ತಿ ಕರಗಿಸಿ ಯಾರೂ ತುಳಿಯದ ಮಣ್ಣಿಗೆ ಹೊಯ್ಯಬೇಕು. ಮನೆಮನೆಗೆ ಪ್ರಸಾದ ಒಯ್ಯುವವರ ತರಬೇತಿಯಲ್ಲಿ ಈ ನಿಯಮವನ್ನು ಉಳಿದವರಿಗೆ ಹೇಳಿಕೊಟ್ಟವನೇ ಅವನು. ಹೋದ ತಿಂಗಳ ಮೊದಲ ಶುಕ್ರವಾರ ಅವಳು ಮೊದಲ ಬಾರಿ ಉಗುಳಿದಾಗ ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡಿದ್ದ. ಗಂಜಿಯ ಹುಳಿ ವಾಸನೆ, ಅಂಟು ಅಂಟಾದ ಬೆಚ್ಚಗಿನ ಜೊಲ್ಲು. ಹೇಗೋ ನುಂಗಿ, ಮರುಗಳಿಗೆಯಲ್ಲೇ ಬಚ್ಚಲಿಗೆ ಹೋಗಿ ಹಲ್ಲುಜ್ಜಿ ಬಾಯಿ ಮುಕ್ಕಳಿಸಿ ವಾಶ್ ಬೇಸಿನ್‌ಗೆ ಉಗಿದಿದ್ದ. ಉಗಿದ ಮೇಲೆ ಹೊಳೆಯಿತು, ಉಗಿದದ್ದರಲ್ಲಿ ಏನಿತ್ತು ಎಂದು. ಹೆಂಡತಿಯ ಎಂಜಲಿಗೆ ಹೇಸಿದೆನೋ, ದೇವರಿಗೋ? ಎರಡರಲ್ಲಿ ಯಾವ ಉತ್ತರವೂ ಒಳ್ಳೆಯದಿರಲಿಲ್ಲ. ಇವತ್ತು ಬಾಯಿಯವರೆಗೆ ತಂದ. ಆಗಲಿಲ್ಲ. ಪ್ರಸಾದದ ಪೆಟ್ಟಿಗೆಯ ಜತೆ ಒಯ್ಯುವ ಚಿಕ್ಕ ಬಿಳಿಬಟ್ಟೆಯಲ್ಲಿ ಅದನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು, ಮುಗಿಸುವ ಪ್ರಾರ್ಥನೆಯನ್ನು ಒಂದಕ್ಷರ ಬಿಡದೆ ಹೇಳಿ, ಮೇಣದ ಬತ್ತಿ ಆರಿಸಿ, ಪೆಟ್ಟಿಗೆ ಮರಳಿಸಲು ಚರ್ಚಿಗೆ, ಅವರ ಇಗರ್ಜಿಗೆ, ಹೊರಟ.

ಅತ್ತಾವರದ ಇಳಿಜಾರಿನಲ್ಲಿ ಆಸ್ಪತ್ರೆಯ ಹುಡುಗಿಯರು ಬಿಳಿ ಕೋಟು ಕೈಯಲ್ಲಿ ಹಿಡಿದು ನಗುತ್ತಾ ಎದುರು ಬಂದರು. ಜೇಬಿನ ಕಡೆ ಯಾರೂ ನೋಡುತ್ತಿಲ್ಲವೆಂದು ಗೊತ್ತಿದ್ದೂ ಪಿಯುಸ್ ಅಂಗೈಯನ್ನು ಎದೆಯ ಮೇಲಿಟ್ಟುಕೊಂಡ. ಭಕ್ತಿಯ ಭಂಗಿ. ಅವನಿಗೆ ಭಂಗಿಗಳು ಚೆನ್ನಾಗಿ ಬರುತ್ತಿದ್ದವು. ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ಇಗರ್ಜಿಯಲ್ಲೂ ಮೇಷ್ಟ್ರೇ: ಬಲಿಪೂಜೆಯಲ್ಲಿ ಗಂಟೆ ತುಸು ತಡವಾಗಿ ಹೊಡೆದರೆ, ವಾಚನ ಓದುವವರು ತಲೆಬಾಗುವುದನ್ನು ಮರೆತರೆ, ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಹಿಡಿದು ನಿಲ್ಲಿಸಿ ತಿದ್ದುತ್ತಿದ್ದ. ಜನ ಅವನನ್ನು ಕಂಡರೆ ಬೇರೆ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದರು. ವಿನಿಫ್ರೆಡ್ ಹಾಗಲ್ಲ. ಬಂಗುಡೆಯ ಹೊಟ್ಟೆ ಸೀಳುತ್ತಾ, ಕೈಯೆಲ್ಲ ರಕ್ತ, ಅವಳು ದೇವರ ಜತೆ ಮಾತಾಡುತ್ತಿದ್ದಳು. “ಸ್ವಾಮೀ, ಮಾರ್ಕೆಟಿನವ ನಿನ್ನೆಯ ಮೀನು ಕೊಟ್ಟ ನೋಡು, ನಿನಗೆ ಕಾಣ್ಲಿಲ್ವಾ?” ಎನ್ನುವಳು. ಉತ್ತರ ಬಂತೆನ್ನುವ ಹಾಗೆ ನಗುವಳು. ದೇವರೆಂದರೆ ನಿನ್ನ ಅಡುಗೆಮನೆಯ ಆಳಾ, ಕೈ ತೊಳೆದು ಮುಗಿದು ಮಾತಾಡು ಎಂದು ಅವನು ಮದುವೆಯಾದ ಹೊಸದರಲ್ಲಿ ಗದರಿದ್ದ. “ನಿಮಗೆ ಅವನು ಇನ್‌ಸ್ಪೆಕ್ಟರ್, ನನಗೆ ಮನೆಯವ” ಎಂದಿದ್ದಳು, ಅದೂ ನಗುತ್ತಲೇ.

ಅದು ಅವನಿಗೆ ನಾಟಿತ್ತು. ಆಮೇಲೆ ಒಂದು ರಾತ್ರಿ ಜಪಸರದ ಪ್ರಾರ್ಥನೆಗೆ ಕೂತಾಗ, ಶುಕ್ರವಾರ ಕ್ರಿಸ್ತನ ಬಾಳಿನ ದುಃಖದ ರಹಸ್ಯಗಳನ್ನು ಹೇಳಬೇಕಾದಲ್ಲಿ ಅವಳು ಸಂತೋಷದ್ದನ್ನು ಶುರುಮಾಡಿದಳು. ಅರ್ಧಕ್ಕೆ ಬಂದಾಗ ಅವನಿಗೆ ಗೊತ್ತಾಯಿತು. ನಿಲ್ಲಿಸಿ, ಮೊದಲಿನಿಂದ ಹೇಳಿಸಿದ. ಮಗ್ಗಿ ತಪ್ಪಿದ ಹುಡುಗರಿಗೆ ಹೇಳಿಸಿದಂತೆ. ಅವಳು ನಗಲಿಲ್ಲ, ಎದುರಾಡಲೂ ಇಲ್ಲ, ಮಣಿ ಮಣಿಯಾಗಿ ಮೊದಲಿನಿಂದ ಹೇಳಿದಳು. ಅಂದಿನಿಂದ ಅವನ ಪಕ್ಕದಲ್ಲಿ ತಪ್ಪಿಲ್ಲದ ಪ್ರಾರ್ಥನೆ. ಅಡುಗೆಮನೆಯಲ್ಲಿ ಮಾತ್ರ ತಗ್ಗಿದ ದನಿಯ ಆ ಹರಟೆ. ಇವನ ಚಪ್ಪಲಿಯ ಸದ್ದು ಕೇಳಿದರೆ ಅದೂ ನಿಲ್ಲುತ್ತಿತ್ತು. ಮಿಂಡನೊಡನೆ ಮಾತಾಡುತ್ತಿದ್ದವಳು ಗಂಡ ಬಂದಾಗ ಸುಮ್ಮನಾದ ಹಾಗೆ ಅನಿಸಿ ಅವನಿಗೆ ಮೈ ಉರಿಯುತ್ತಿತ್ತು. ಆ ಉರಿಗೆ ಹೊಟ್ಟೆಕಿಚ್ಚು ಎಂದೇ ಹೆಸರು, ಬೇರೆ ಹೆಸರಿಲ್ಲ. ಏಕೆಂದರೆ ಪ್ರಥಮ ಪ್ರಸಾದದ ದಿನ ಬಿಳಿ ಅಂಗಿ ಹಾಕಿ ಸಾಲಿನಲ್ಲಿ ನಿಂತಾಗಿನಿಂದ ಪಿಯುಸ್ ಕಾಯುತ್ತಿದ್ದ. ಏನಾದರೂ ಆಗಬೇಕಿತ್ತು. ಒಳಗೆ ಯಾರಾದರೂ ಬಂದು ಕೂರಬೇಕಿತ್ತು. ಯಾರೂ ಬರಲಿಲ್ಲ. ಬರದವನಿಗಾಗಿ ಅವನು ಮನೆಯನ್ನು ಗುಡಿಸುತ್ತ, ಒರೆಸುತ್ತ, ಮಡಿಸುತ್ತ ಎಪ್ಪತ್ತರ ಹತ್ತಿರ ಬಂದ. ಮರೆವಿನ ರೋಗ ಹಿಡಿದು ವಿನಿಫ್ರೆಡ್ ಹಾಸಿಗೆಗೆ ಅಂಟಿದ ಮೇಲೆ, ಪ್ರತಿ ತಿಂಗಳು ಅವಳ ಬಾಯಿಗೆ ಅವಳ ದೇವರನ್ನು ತಂದಿಡುವ ಕೈ ತನ್ನದೇ ಎಂಬುದಷ್ಟೇ ಅವನ ಪಾಲಿಗೆ ಉಳಿದ ಭಾಗ್ಯ. ಅವಳಿಗೂ ಅವನಿಗೂ ನಡುವೆ ಇನ್ನುಳಿದ ದಾರಿಯೂ ಅದೊಂದೇ. ಈಗ ಅದನ್ನೂ ಅವಳು ಉಗುಳುತ್ತಿದ್ದಾಳೆ.

ಇಗರ್ಜಿಯ ಆಫೀಸಿನಲ್ಲಿ ಫಾದರ್ ಲಯನೆಲ್ ಮತ್ತು ವಾರ್ಡಿನ ಮುಖಂಡ, ಗುರ್ಕಾರ ಸಿಪ್ರಿಯನ್ ಚಹಾ ಕುಡಿಯುತ್ತಿದ್ದರು. ಲಯನೆಲ್ ಒಂದು ಕಾಲದಲ್ಲಿ ಪಿಯುಸ್‌ನ ಕ್ಲಾಸಿನ ಹಿಂದಿನ ಬೆಂಚಿನವ. ಈಗಲೂ ಎದ್ದು ನಿಂತೇ ಮಾತಾಡಿಸುತ್ತಾನೆ. ಸಿಪ್ರಿಯನ್ ಬಂದರಿನಲ್ಲಿ ಐಸಿನ ವ್ಯಾಪಾರ ಮಾಡುವವ, ದೊಡ್ಡ ಗಂಟಲು, ದೊಡ್ಡ ನಗು, ಬಲಿಪೂಜೆಗೆ ತಡವಾಗಿ ಬಂದು ಮೊದಲು ಹೋಗುವವ. ಅವನೂ ಹೋದ ವರ್ಷದಿಂದ ರೋಗಿಗಳಿಗೆ ಪ್ರಸಾದ ಒಯ್ಯುತ್ತಾನೆ. ಅವನಿಗೆ ಆ ಹಕ್ಕು ಕೊಟ್ಟದ್ದು ಪಿಯುಸ್‌ಗೆ ಇನ್ನೂ ಜೀರ್ಣವಾಗಿಲ್ಲ.

“ಎಂತ ಮಾಸ್ಟ್ರೇ, ಈ ಪಾಟಿ ಬೆವರಿದ್ದೀರಿ? ಆಟೋ ಮಾಡ್ಬಾರ್ದಾ ಮಾರಾಯ್ರೆ!” ಎಂದ ಸಿಪ್ರಿಯನ್.

ಪಿಯುಸ್ ಪ್ರಸಾದದ ಹಿತ್ತಾಳೆಯ ಚಿಕ್ಕ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ಫಾದರ್ ಅದನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡು, “ಎಲ್ಲ ಮನೆಗೂ ಆಯ್ತಾ ಸರ್? ಆಂಟಿ ಹೇಗಿದ್ದಾರೆ, ಸರಿಯಾಗಿ ತಗೊಳ್ತಾರಾ?” ಎಂದು ಕೇಳಿದ. ಹೌದು ಎಂದುಬಿಡಬಹುದಿತ್ತು. ಆದರೆ ಪಿಯುಸ್ ಆಚರಣೆಯ ವಿಷಯದಲ್ಲಿ ಸುಳ್ಳು ಹೇಳಿದವನಲ್ಲ. “ಹೊರಗೆ ಹಾಕ್ತಾಳೆ ಫಾದರ್. ಹೋದ ತಿಂಗಳೂ ಹಾಕಿದ್ಳು” ಎಂದ.

“ಆಮೇಲೆ ಎಂತ ಮಾಡಿದ್ರಿ?”

“ನಾನೇ ಸೇವಿಸಿದೆ.”

ಬಾಯಿಗೆ ಬಂದುಬಿಟ್ಟಿತು. ಹೋದ ತಿಂಗಳ ಮಟ್ಟಿಗೆ ಅದು ಸತ್ಯವೇ ಎಂದು ಒಳಗೊಳಗೆ ವಾದ ಹೂಡಿದ. ಜೇಬಿನಲ್ಲಿ ಬಟ್ಟೆ ಒದ್ದೆಯಾಗಿ ಅಂಗಿಗೆ ಅಂಟಿತ್ತು. ಬೆವರು ಎಂದುಕೊಂಡಿರಬೇಕು ಅವರು. ಫಾದರ್ ಲಯನೆಲ್‌ನ ಕಣ್ಣು ಮೆತ್ತಗಾಯಿತು. “ನನ್ನಿಂದ ಆಗ್ತಿತ್ತೋ ಇಲ್ವೋ ಗೊತ್ತಿಲ್ಲ ಸರ್. ನಿಮ್ಮ ಹಾಗಿನ ವಿಶ್ವಾಸ ನಮಗೆಲ್ಲಿ ಉಂಟು?” ಎಂದ. ಸಿಪ್ರಿಯನ್ ಕೂಡ ಲೋಟ ಕೆಳಗಿಟ್ಟು ಗಂಭೀರನಾದ. ಹೊಗಳಿಕೆ ಕೆನ್ನೆಗೆ ಹೊಡೆದಂತಾಗಿ ಪಿಯುಸ್ ತಲೆ ತಗ್ಗಿಸಿದ. ಅದೂ ವಿನಯ ಎಂದೇ ಲೆಕ್ಕವಾಯಿತು.

“ಆದ್ರೆ ಸರ್,” ಫಾದರ್ ಮಾತು ಹುಡುಕಿದ, “ಅದು ಎಂತ ಅಂತ ಅವರಿಗೆ ಗೊತ್ತೇ ಆಗದಿದ್ರೆ ಒತ್ತಾಯ ಮಾಡುದು ಬೇಡ. ದೇವರಿಗೆ ಅರ್ಥ ಆಗ್ತದೆ. ನಿಲ್ಲಿಸುವ.”

“ನಿಲ್ಲಿಸುದಾ?” ಪಿಯುಸ್‌ನ ದನಿ ಒಡೆಯಿತು. “ಅವಳ ಜೀವಮಾನದಲ್ಲಿ ಒಂದು ಆದಿತ್ಯವಾರ ತಪ್ಪಿಸಿದವಳಲ್ಲ ಫಾದರ್. ಪ್ರಸಾದ ಇಲ್ಲದೆ ಅವಳಿಗೆ ಬೇರೆ ಎಂತ ಉಂಟು?”

“ಹಾಗಾದ್ರೆ ಸಂಜೆ ನಾನೇ ಬರ್ತೇನೆ. ನಾನೇ ಕೊಟ್ಟು ನೋಡ್ತೇನೆ. ಆಗಲೂ ಉಗುಳಿದ್ರೆ ಮತ್ತೆ ಬೇಡ, ಆಯ್ತಾ ಸರ್?”

ಮನೆಗೆ ಹೋಗಬೇಕಾದವನು ಆಟೋದವನಿಗೆ ಬೋಳಾರ ಎಂದ. ನೀರಿನಲ್ಲಿ ಕರಗಿಸಬೇಕು ಎಂದಿದೆಯಷ್ಟೆ, ಹೊಳೆಯೂ ನೀರೇ. ಮನೆಯಲ್ಲಿ ಮೋಕ್ಷಾಳ ಕಣ್ಣೆದುರು ಲೋಟ ಹಿಡಿದು ನಿಲ್ಲುವುದಕ್ಕಿಂತ ಇದು ವಾಸಿ. ನೇತ್ರಾವತಿಯ ದಡದಲ್ಲಿ ಹಂಚಿನ ಚೂರು, ಪ್ಲಾಸ್ಟಿಕ್, ಒಣಗಲು ಹಾಕಿದ ಬಲೆ. ಬಿಸಿಲಿಗೆ ನೀರು ಕಣ್ಣು ಕುಕ್ಕುತ್ತಿತ್ತು. ಬೇರೆ ಯಾರಿಗಾದರೂ ಇದು ಹೇಳುವ ಸಂಗತಿಯೇ? ಹಿಟ್ಟು ಮತ್ತು ನೀರು, ಕನ್ಯಾಸ್ತ್ರೀಯರು ಮಠದಲ್ಲಿ ಕಬ್ಬಿಣದ ಅಚ್ಚಿನಲ್ಲಿ ಸುಡುವುದನ್ನು ಅವನೇ ನೋಡಿದ್ದಾನೆ. ಅಂಚು ಕತ್ತರಿಸಿ ಉಳಿದ ಚೂರನ್ನು ಮಕ್ಕಳಿಗೆ ಹಂಚುವುದನ್ನೂ. ಪಾದ್ರಿಯ ಮಾತು ಬಿದ್ದ ಮೇಲೆ ಅದು ಹಿಟ್ಟಲ್ಲ. ಹೀಗೆಂದು ಅವನು ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿಲ್ಲ! ನಂಬಿದ್ದರೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ನಂಬದಿದ್ದರೆ ಟಿಶ್ಯೂವಿನಲ್ಲಿ ಸುತ್ತಿ ಬುಟ್ಟಿಗೆ ಹಾಕುತ್ತಿದ್ದ. ಎರಡೂ ಅಲ್ಲದೆ ಬಟ್ಟೆಯಲ್ಲಿ ಕಟ್ಟಿಕೊಂಡು ಊರು ತಿರುಗುತ್ತಿರುವ ತಾನು ಯಾವ ಜಾತಿಯ ಪ್ರಾಣಿ?

ಬಟ್ಟೆ ಬಿಚ್ಚಿದ. ರೊಟ್ಟಿ ಒಣಗಿ ಎಳೆಗಳಿಗೆ ಕಚ್ಚಿಕೊಂಡಿತ್ತು. ಉಗುರಿನಿಂದ ಎಬ್ಬಿಸುತ್ತಿರುವಾಗ ಹಿಂದಿನಿಂದ ದನಿ ಬಂತು. “ನಮ್ಮ ಮೋಕ್ಷಾ ಕೆಲಸಕ್ಕೆ ಬರುವ ಮನೆಯ ಸರ್ ಅಲ್ವಾ?” ಮೋಕ್ಷಾಳ ದೊಡ್ಡಪ್ಪ ವಾಸು, ಒಮ್ಮೆ ಅವಳನ್ನು ಬಿಡಲು ಮನೆಗೆ ಬಂದಿದ್ದ ಮೀನುಗಾರ. ಬಲೆ ಹೊಲಿಯುವುದನ್ನು ಬಿಟ್ಟು ಎದ್ದು ಬಂದು ಪಿಯುಸ್‌ನ ಕೈಯಲ್ಲಿದ್ದ ಬಿಳಿ ಬಟ್ಟೆಯನ್ನು ನೋಡಿದ. ನೋಡಿದವನೇ ಮೇಲೆತ್ತಿ ಕಟ್ಟಿದ್ದ ಮುಂಡನ್ನು ಭಕ್ತಿಯಿಂದ ಕೆಳಗೆ ಬಿಟ್ಟ. “ದೇವರದ್ದಾ ಸರ್? ಹಾಗಾದ್ರೆ ಇಲ್ಲಿ ಹಾಕ್ಬೇಡಿ. ಇಲ್ಲಿ ಚರಂಡಿ ನೀರು ಬಂದು ಸೇರ್ತದೆ. ದೋಣಿ ಉಂಟು, ನಡು ಹೊಳೆಗೆ ಕರ್ಕೊಂಡು ಹೋಗ್ತೇನೆ, ಬನ್ನಿ.” ಆ ಮನುಷ್ಯ ಅಷ್ಟು ಸಹಜವಾಗಿ ಕೇಳಿದ್ದ. ಹೌದು ಎಂಬ ಒಂದು ಮಾತು ಸಾಕಿತ್ತು. “ಛೆ, ಅಲ್ಲ, ಎಂತದೂ ಇಲ್ಲ,” ಎಂದ ಪಿಯುಸ್, “ಔಷಧಿ. ಹಳೇ ಔಷಧಿ.” ಬಟ್ಟೆಯನ್ನು ಮುದ್ದೆ ಮಾಡಿ ಜೇಬಿಗೆ ತುರುಕಿ ರಸ್ತೆಗೆ ಬಂದ. ಅವನಿಗೆ ನಾಚಿಕೆಯಾಗಿತ್ತು, ಸಿಟ್ಟೂ ಬಂದಿತ್ತು. ಸಿಟ್ಟು ವಾಸುವಿನ ಮೇಲೆ, ಕಾರಣವಿಲ್ಲದೆ.

ಮನೆಯಲ್ಲಿ ಲೋಟದ ನೀರಿಗೆ ಬಟ್ಟೆಸಮೇತ ಹಾಕಿ, ಎಲ್ಲ ಕರಗಿದ ಮೇಲೆ ಬಾಲ್ಕನಿಯ ಆಂಥೂರಿಯಂ ಕುಂಡಕ್ಕೆ ಹೊಯ್ದ. ನಿಯಮ ಪಾಲಿಸಿದಂತಾಯಿತು. ಮನಸ್ಸು ಮಾತ್ರ ಹಗುರಾಗಲಿಲ್ಲ. ಕೋಣೆಯಿಂದ ವಿನಿಫ್ರೆಡ್‌ಳ ದನಿ ಕೇಳುತ್ತಿತ್ತು, ಮರಿಯಮ್ಮನ ನಮನದ ಪ್ರಾರ್ಥನೆ, ಒಂದರ ಹಿಂದೆ ಒಂದು, ಏರಿಳಿತವಿಲ್ಲದೆ. ಗಂಡನ ಹೆಸರು ಹೋಗಿದೆ, ತನ್ನ ಹೆಸರು ಹೋಗಿದೆ, ಮೀನಿನ ಹೆಸರುಗಳು ಹೋಗಿವೆ. ಇದು ಮಾತ್ರ ಉಳಿದಿದೆ. ಅಡುಗೆಮನೆಯ ಆ ಹರಟೆಯ ಒಂದು ತುಣುಕಾದರೂ ಉಳಿಯಬಾರದಿತ್ತೇ ಎಂದು ಅವನು ಎಷ್ಟೋ ಸಲ ಕಿವಿಗೊಟ್ಟು ಕೂತಿದ್ದ. ಉಳಿದಿರಲಿಲ್ಲ. ಅವನು ಅಂದು ಗದರಿ ಕಲಿಸಿದ ಪ್ರಾರ್ಥನೆಯೇ ಈಗ ಅವಳ ಬಾಯಲ್ಲಿ: ಒಂದೂ ತಪ್ಪಿಲ್ಲದ್ದು, ಯಾರಿಗೂ ಹೇಳದ್ದು. ಕೇಳುತ್ತಾ ಅವನಿಗೆ ಅಳು ಬಂತು. ಸದ್ದಾಗದಂತೆ ಅತ್ತ.

ಊಟದ ಹೊತ್ತಿಗೆ ಒಂದು ಯೋಚನೆ ಬಂತು. ಸಂಜೆಗೆ ಅವಳನ್ನು ತಯಾರು ಮಾಡಬೇಕು. ಹಪ್ಪಳದ ಒಂದು ಚೂರನ್ನು ಪ್ರಸಾದದ ರೊಟ್ಟಿಯ ಹಾಗೆ ಉರುಟಾಗಿ ಮುರಿದು, ಕೆನ್ನೆ ಒತ್ತಿ, ಪವಿತ್ರ ಮಾತುಗಳನ್ನು ಬಿಟ್ಟು ಬರಿದೇ “ಆಮೆನ್ ಹೇಳು ವಿನ್ನಿ” ಎಂದು ನಾಲಗೆಯ ಮೇಲಿಟ್ಟ. ಉಗುಳಿದಳು. ಮತ್ತೊಂದು ಇಟ್ಟ. ಉಗುಳಿದಳು, ಈ ಬಾರಿ ತಲೆಯನ್ನೂ ಆಚೆ ತಿರುಗಿಸಿ. “ಬಿಡಿ ಸರ್, ನಾನು ಕೊಡ್ತೇನೆ” ಎಂದು ಮೋಕ್ಷಾ ಮಂಚದ ಅಂಚಿಗೆ ಕೂತು, ಅದೇ ಹಪ್ಪಳದ ತುಂಡನ್ನು ತುಟಿಯ ಹತ್ತಿರ ಹಿಡಿದು ಸುಮ್ಮನೆ ಕಾದಳು. ವಿನಿಫ್ರೆಡ್ ತಾನಾಗಿ ಬಾಯಿ ತೆರೆದು ಕುರುಕುರು ಅಗಿದಳು. ದಿನಾ ತಿನ್ನಿಸುವವಳು, ಅಭ್ಯಾಸ, ಎಂದುಕೊಂಡ ಪಿಯುಸ್. ಹಾಗೆಂದುಕೊಂಡರೂ ತಟ್ಟೆಯಲ್ಲಿದ್ದ ಅನ್ನವನ್ನು ಹಾಗೇ ಮುಚ್ಚಿಟ್ಟ.

ಸಂಜೆ ಅವನೇ ಮೇಜಿಗೆ ಬಿಳಿ ಹೊದಿಕೆ ಹಾಸಿದ, ಶಿಲುಬೆ ನಿಲ್ಲಿಸಿದ, ಎರಡು ಮೇಣದ ಬತ್ತಿ ಹಚ್ಚಿದ. ಮೋಕ್ಷಾ ವಿನಿಫ್ರೆಡ್‌ಳ ಕೂದಲು ಬಾಚಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ್ದಳು. ಫಾದರ್ ಲಯನೆಲ್ ಬಂದ, ಅವನ ಹಿಂದೆ ಸಿಪ್ರಿಯನ್ನೂ ಬಂದ. ಸ್ಕೂಟರಿನಲ್ಲಿ ಬಿಟ್ಟವನು ಹಾಗೇ ಮೇಲೆ ಬಂದನಂತೆ. ಫಾದರ್ ಕುತ್ತಿಗೆಗೆ ಸ್ಟೋಲ್ ಹಾಕಿ ಪ್ರಾರ್ಥನೆ ಆರಂಭಿಸಿದ. ಅವಸರದಲ್ಲಿ ಪಾಪನಿವೇದನೆಯ ಒಂದು ಸಾಲನ್ನು ಹಾರಿಸಿಬಿಟ್ಟ. ಪಿಯುಸ್ ಗಮನಿಸಿದ. ವಿನಿಫ್ರೆಡ್ ಮಾತ್ರ ಪರಲೋಕ ಮಂತ್ರವನ್ನು ಪೂರ್ತಿ ಹೇಳಿ ಮುಗಿಸಿ, ಮಂಚದ ಪಕ್ಕದಲ್ಲಿ ನಿಂತ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದಳು. ಗಂಡನ ಮೇಲೆ ಅವಳ ಕಣ್ಣು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಫಾದರ್ ಪೆಟ್ಟಿಗೆ ತೆರೆದು ರೊಟ್ಟಿಯನ್ನು ಎತ್ತಿ ಹಿಡಿದ. ಸ್ವಾಮೀ, ನೀವು ನನ್ನ ಮನೆಯೊಳಗೆ ಬರಲು ನಾನು ಯೋಗ್ಯನಲ್ಲ ಎಂದು ಎಲ್ಲರ ಜತೆ ಹೇಳುತ್ತಿದ್ದ ಪಿಯುಸ್‌ನ ನಾಲಗೆ ತನ್ನಷ್ಟಕ್ಕೆ ಹೇಳುತ್ತಾ ಹೋಯಿತು, ಒಳಗೆ ಬೇರೊಂದು ಎದ್ದು ಬಂತು. ಅವಳು ಈ ಹುಡುಗನ ಕೈಯಿಂದ ತೆಗೆದುಕೊಂಡರೆ? ನನ್ನ ಕ್ಲಾಸಿನ ಹಿಂದಿನ ಬೆಂಚಿನವ, ಸಾಲು ಹಾರಿಸುವವ, ಇವನಿಂದ ತೆಗೆದುಕೊಂಡು ನನ್ನಿಂದ ಒಲ್ಲೆನೆಂದರೆ, ಅವಳು ಉಗುಳಿದ್ದು ಯಾರನ್ನು? ದೇವರನ್ನು ಅವಳು ಮರೆತಿದ್ದಾಳೆ, ರುಚಿ ಮರೆತಿದ್ದಾಳೆ, ಬಾಯಿಯ ಕೆಲಸವನ್ನೇ ಮರೆತಿದ್ದಾಳೆ ಎಂದಾದರೆ ಬದುಕಬಹುದು. ಇವೆಲ್ಲ ನೆನಪಿದ್ದೂ ನನ್ನ ಕೈಯನ್ನೇ ಒಲ್ಲಳು ಎಂದಾದರೆ ಹೇಗೆ ಬದುಕುವುದು? ಅವನು ಕಣ್ಣು ಬಿಗಿಯಾಗಿ ಮುಚ್ಚಿದ. ಮಂಚದ ಕಟ್ಟು ಹಿಡಿದುಕೊಂಡ. ದೇವರೇ, ಎಂದ, ಪುಸ್ತಕದಲ್ಲಿಲ್ಲದ ಮಾತು, ಕೈ ಮುಗಿಯದೆ, ಹೊಟ್ಟೆಯ ಆಳದಿಂದ, ದೇವರೇ, ಉಗುಳಲಿ. ನಿನ್ನ ಕಾಲು ಹಿಡಿಯುತ್ತೇನೆ. ಅವಳಿಗೆ ನೀನು ಇನ್ನೆಂದೂ ಸಿಗದಿದ್ದರೂ ಚಿಂತೆಯಿಲ್ಲ. ಉಗುಳಲಿ.

“ಕ್ರಿಸ್ತಾಚಿ ಕೂಡ್” ಎಂದಿತು ಫಾದರ್‌ನ ದನಿ.

“ಆಮೆನ್” ಎಂದಳು ವಿನಿಫ್ರೆಡ್.

ಕಣ್ಣು ತೆರೆದಾಗ ಅವಳ ಬಾಯಿ ಮುಚ್ಚಿತ್ತು. ಗಂಟಲು ಒಮ್ಮೆ ಏರಿ ಇಳಿಯಿತು. ಫಾದರ್ ಅವಳ ಕೆನ್ನೆ ಮುಟ್ಟಿರಲಿಲ್ಲ. ಮೋಕ್ಷಾ ಚಮಚದಲ್ಲಿ ನೀರು ಕೊಟ್ಟಳು, ಅದನ್ನೂ ನುಂಗಿದಳು. ಆಮೇಲೆ ತುಟಿ ಅಲುಗಿಸಿ ಯಾರೊಡನೆಯೋ ಏನೋ ತಗ್ಗಿದ ದನಿಯಲ್ಲಿ ಹೇಳಿ, ಸ್ವಲ್ಪ ನಕ್ಕಳು. ಪಿಯುಸ್ ಕೇಳಿಸಿಕೊಳ್ಳಲು ಬಾಗಿದ. ಅವಳು ನಿಲ್ಲಿಸಿದಳು.

“ಎಂತ ಮಾಸ್ಟ್ರೇ, ಉಗುಳ್ತಾರೆ ಅಂದ್ರಲ್ಲ, ಎಷ್ಟು ಚೆಂದ ತಗೊಂಡ್ರು!” ಸಿಪ್ರಿಯನ್‌ಗೆ ನಿಜಕ್ಕೂ ಸಂತೋಷವಾಗಿತ್ತು.

“ಸರ್ ಕೊಟ್ರೆ ಮಾತ್ರ ಉಗುಳುದು” ಎಂದಳು ಮೋಕ್ಷಾ, ಟವೆಲು ಬಿಚ್ಚುತ್ತಾ. ಅವಳಲ್ಲಿ ಕೇಡೇನೂ ಇರಲಿಲ್ಲ. ಯಾವ ಮಾತ್ರೆಯನ್ನು ಊಟದ ಮೊದಲು ಕೊಡಬೇಕು ಎಂದು ಹೇಳುವ ದನಿಯಲ್ಲೇ ಹೇಳಿದಳು.

ಫಾದರ್ ಸ್ಟೋಲ್ ಮಡಚಿದ, ತಪ್ಪಾಗಿ ಮಡಚಿದ. “ಹಾಗೇನಿಲ್ಲ ಸರ್, ಮನೆಯವರು ಕೊಟ್ರೆ ಸ್ವಲ್ಪ ಹಟ ಇರ್ತದೆ,” ಎಂದ ಕೊನೆಗೆ. “ಇನ್ನು ಮುಂದೆ ಇಲ್ಲಿಗೆ ಸಿಪ್ರಿಯನ್ ಬಾಬ್ ತರ್ಲಿ. ನಿಮಗೂ ಆರಾಮ.” ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತು ಪಿಯುಸ್‌ನ ಎರಡೂ ಕೈಗಳನ್ನು ತನ್ನ ಕೈಗಳಲ್ಲಿ ಹಿಡಿದುಕೊಂಡ. ಹುಡುಗನ ಕಣ್ಣು ಒದ್ದೆಯಾಗಿತ್ತು. “ಕೊಡುವಾಗ ನಾನು ನಿಮ್ಮನ್ನು ನೋಡಿದೆ ಸರ್. ಕಣ್ಣು ಮುಚ್ಚಿ ಪ್ರಾರ್ಥಿಸ್ತಾ ಇದ್ರಿ. ಇಡೀ ಮೈ ನಡುಗ್ತಾ ಇತ್ತು. ನಾನು ಪಾದ್ರಿಯಾದ ಮೇಲೆ ಯಾರೂ ಹಾಗೆ ಪ್ರಾರ್ಥಿಸುದನ್ನು ಕಂಡದ್ದಿಲ್ಲ. ದೇವರು ಕೇಳಿದ ನೋಡಿ.”

“ದೇವರಿಗೆ ಸ್ತುತಿ” ಎಂದ ಪಿಯುಸ್. ಆ ಜಾಗದಲ್ಲಿ ಹೇಳಬೇಕಾದ ಮಾತು ಅದೇ.